ಹೊಸದಾಗಿ ಸೇರಿದ ಪುಟಗಳು

ಹೊಲಿಗೆ ಯಂತ್ರ ರಿಪೇರಿ ಮಾಡುವ ಅಕ್ಕನಿಗೆ ಬೆಳಿಗ್ಗೆ ಚಹಾದ ಜೊತೆ ಪೇಪರ್ ಬೇಕಿರಲಿಲ್ಲ. ಹಿಂದಿನ ದಿನ ತನ್ನ ವೆಬ್‌ಸೈಟಿಗೆ ಯಾರು ಬಂದು ಏನು ನೋಡಿ ಹೋದರು ಎಂಬ ಪಟ್ಟಿ ಸಾಕಿತ್ತು. ವೆಬ್‌ಸೈಟ್ ಇದ್ದದ್ದು ಯಾವುದೋ ದೊಡ್ಡ ಕಂಪನಿಯ ಕಟ್ಟಡದಲ್ಲಲ್ಲ, ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಅಲ್ಲಿ ಬ್ರಾಡ್‌ಬ್ಯಾಂಡ್ ರೂಟರ್, ಅದರ ಪಕ್ಕ ಒಂದು ಮುದಿ ಲ್ಯಾಪ್‌ಟಾಪ್. ಈಗೆಲ್ಲೂ ಸಿಗದ ಹಳೆಯ ಯಂತ್ರಗಳ ಕೈಪಿಡಿಗಳನ್ನು ಸ್ಕ್ಯಾನ್ ಮಾಡಿ ಅದರಲ್ಲಿಟ್ಟಿದ್ದಳು. ಬೇಕಾದವರು ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ಮನೆಯ ಲೈನಿನಲ್ಲಿ ಇದೆಲ್ಲ ಆಗುವುದಿಲ್ಲ ಎಂದು ಬ್ರಾಡ್‌ಬ್ಯಾಂಡಿನವರು ಕೈಚೆಲ್ಲಿದ ಮೇಲೆ, ಹದಿನೈದು ದಿನ ಹಟ ಹಿಡಿದು ಕೂತು ರೂಟರಿನಲ್ಲಿ ಹೊರಗಿನವರಿಗೆಂದು ಒಂದೇ ಒಂದು ಬಾಗಿಲು ತೆರೆದಿದ್ದಳು. ಅದರಿಂದ ಬಂದವರು ಕೈಪಿಡಿಗಳ ಫೋಲ್ಡರ್ ಬಿಟ್ಟು ಬೇರೆಲ್ಲೂ ಇಣುಕುವಂತಿರಲಿಲ್ಲ. ತನ್ನ ಹೆಸರು, ಫೋನು, ವಿಳಾಸ ಯಾವುದನ್ನೂ ಅಪ್ಪಿತಪ್ಪಿಯೂ ಹಾಕಿರಲಿಲ್ಲ.

ಅಷ್ಟು ಹುಷಾರಾಗಿರಲು ಕಾರಣವಿತ್ತು. ಆರು ತಿಂಗಳ ಹಿಂದೆ ತಂಗಿ ಒಂದು ಕೈಚೀಲ ಹಿಡಿದು, ಊದಿದ ಮಣಿಕಟ್ಟನ್ನು ಶಾಲಿನಲ್ಲಿ ಮುಚ್ಚಿಕೊಂಡು ಬಂದಿದ್ದಳು. ಸಿಕ್ಕರೆ ಈ ಸಲ ಜೀವಸಹಿತ ಬಿಡುವುದಿಲ್ಲ ಎಂದು ಅವಳ ಗಂಡ ನೆಂಟರ ಹತ್ತಿರವೇ ಹೇಳಿಕೊಂಡು ತಿರುಗುತ್ತಿದ್ದ. ಅವನಿದ್ದದ್ದು ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಅಕ್ಕನ ಹಳೆಯ ಮನೆ ಅವನಿಗೆ ಗೊತ್ತಿತ್ತು, ಈ ಬಾಡಿಗೆ ಮನೆ ಗೊತ್ತಿರಲಿಲ್ಲ. ವೆಬ್‌ಸೈಟಿನ ಹೆಸರು ಮಾತ್ರ ಗೊತ್ತಿತ್ತು. ಹಿಂದೊಮ್ಮೆ ಅದನ್ನು ಗುಜರಿ ಪುರಾಣ ಎಂದು ಆಡಿಕೊಂಡು ನಕ್ಕಿದ್ದ.

ಆವತ್ತು ಅಕ್ಕ ಪಟ್ಟಿಯಲ್ಲಿ ಮೊದಲು ಹುಡುಕಿದ್ದು ತನ್ನ ಮಧ್ಯಾಹ್ನದ ಗಿರಾಕಿಯನ್ನು. ತಿಂಗಳುಗಟ್ಟಲೆಯಿಂದ ಯಾರೋ ಒಬ್ಬ ಒಂದೇ ಇಂಟರ್ನೆಟ್ ನಂಬರಿನಿಂದ ದಿನಾ ಊಟದ ಹೊತ್ತಿಗೆ ಬರುತ್ತಿದ್ದ. 'ಹೊಸದಾಗಿ ಸೇರಿದ ಪುಟಗಳು' ಎಂಬ ಪಟ್ಟಿ ನೋಡಿ, ಏನನ್ನೂ ತೆರೆಯದೆ ಹೋಗುತ್ತಿದ್ದ. ತನ್ನ ಕೈಪಿಡಿಗಳಿಗೂ ಇಂಥ ಅಭಿಮಾನಿ ಇದ್ದಾನಲ್ಲ ಎಂದು ಅವಳು ಒಳಗೊಳಗೇ ಉಬ್ಬಿದ್ದಳು. ನಿನ್ನೆ ಅವನು ಮೊದಲ ಸಲ ಒಂದು ಪುಟ ತೆರೆದಿದ್ದ. ಅದೂ ಮೂರು ಸಲ. ಯಾವ ಯಂತ್ರವಪ್ಪಾ ಇದು ಎಂದುಕೊಂಡು ಅವಳೂ ತೆರೆದು ನೋಡಿದಳು.

ತಂಗಿಯ ಕೈಬರಹ ಕಾಣಿಸಿತು. ಔಷಧಿ ಅಂಗಡಿಯ ಕೆಲಸಕ್ಕೆ ಅವಳು ಬರೆದಿದ್ದ ಅರ್ಜಿ: ಹೆಸರು, ಫೋಟೋ, ಕೆಳಗೆ ಮನೆ ನಂಬರು, ರಸ್ತೆ, ಎರಡನೇ ಮಹಡಿ.

ಎಲ್ಲಿಡಲಿ ಎಂದು ಸ್ಕ್ಯಾನರ್ ಪ್ರತಿ ಸಲ ಕೇಳುವುದು ತಲೆನೋವೆಂದು, ಹಾಕಿದ್ದೆಲ್ಲ ನೇರ ಕೈಪಿಡಿಗಳ ಫೋಲ್ಡರಿಗೇ ಬೀಳುವಂತೆ ಮಾಡಿಟ್ಟವಳು ಅಕ್ಕನೇ. ಮೊನ್ನೆ ಸಂಜೆ ಈ ಅರ್ಜಿಯನ್ನು ಸ್ಕ್ಯಾನ್ ಮಾಡಿ ಅಂಗಡಿಗೆ ಕಳಿಸಿ, ಅಳಿಸಲು ಮರೆತವಳೂ ಅವಳೇ.

ಎದ್ದವಳೇ ರೂಟರಿನ ವೈರನ್ನು ಕಿತ್ತಳು. ದೀಪಗಳೆಲ್ಲ ಆರಿದವು. ಆದರೆ ನೋಡಿದವನು ನೋಡಿಯಾಗಿತ್ತು. ತಂಗಿಯ ಗಂಡ ನಿನ್ನೆ ಮಧ್ಯಾಹ್ನ ನೋಡಿ ರಾತ್ರಿ ಬಸ್ಸು ಹತ್ತಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಾನೆ. ಕಿಟಕಿಯಿಂದ ನೋಡಿದರೆ ಹೆಲ್ಮೆಟ್ ಹಾಕಿದವನೊಬ್ಬ ಗೇಟಿನ ಮುಂದೆ ನಿಂತು ಮನೆ ನಂಬರು ಓದುತ್ತಿದ್ದ. ಅವನು ಪಕ್ಕದ ಮನೆಗೆ ಪಾರ್ಸೆಲ್ ಕೊಟ್ಟು ಹೋದ. ಅಕ್ಕ ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡಿದಳು. ಜನ ಕಳಿಸುತ್ತೇವೆ, ಅಲ್ಲಿಯವರೆಗೆ ಯಾರು ಬಂದರೂ ಬಾಗಿಲು ತೆಗೆಯಬೇಡಿ ಎಂದರು.

ಪೊಲೀಸರಿಗೆ ತೋರಿಸಲು ಪಟ್ಟಿಯಿಂದ ಹೊತ್ತು, ನಂಬರು ಬರೆದುಕೊಳ್ಳಲು ಕೂತಾಗ, ಮೊನ್ನೆಯ ಪಟ್ಟಿಯಲ್ಲಿ ನಿನ್ನೆ ತಾನು ಗಮನಿಸದೆ ಬಿಟ್ಟಿದ್ದ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಅರ್ಜಿಯನ್ನು ಎಲ್ಲರಿಗಿಂತ ಮೊದಲು, ಮೊನ್ನೆ ಸಂಜೆಯೇ ಯಾರೋ ನೋಡಿದ್ದರು. ಆ ಸಾಲಿನ ಮುಂದೆ ಇದ್ದದ್ದು ರೂಟರಿನದ್ದೇ ನಂಬರು. ಮನೆಯೊಳಗಿನ ಫೋನಿನಿಂದ ಯಾರಾದರೂ ಸೈಟ್ ನೋಡಿದರೆ ಮಾತ್ರ ಹಾಗೆ ಬೀಳುತ್ತಿತ್ತು. ಮನೆಯಲ್ಲಿ ಇದ್ದವರು ಇಬ್ಬರೇ.

ತಂಗಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ಮೊನ್ನೆ ನಿನ್ನ ಅರ್ಜಿ ಸೈಟಲ್ಲಿ ಬಿದ್ದಿದ್ದನ್ನ ನೀನು ನೋಡಿದ್ಯಾ?"

"ನೋಡ್ದೆ."

"ನೋಡಿ ಸುಮ್ನಿದ್ಯಾ? ಒಂದ್ ಮಾತು ಹೇಳಿದ್ರೆ ಅಲ್ಲೇ ತೆಗೆದು ಹಾಕ್ತಿದ್ದೆ."

ತಂಗಿ ತಲೆ ಎತ್ತಲಿಲ್ಲ. "ಹೇಳೋಣ ಅಂತಾನೇ ಎದ್ದೆ ಅಕ್ಕಾ. ಆಮೇಲೆ ಮನಸ್ಸು ಬರಲಿಲ್ಲ. ಆರು ತಿಂಗಳಾಯ್ತು. ನನ್ನನ್ನ ಹುಡುಕ್ತಿದ್ದಾನೋ ಇಲ್ವೋ ಅಂತಾದ್ರೂ ಗೊತ್ತಾಗ್ಲಿ ಅನ್ನಿಸ್ತು."

ಅಕ್ಕನಿಗೆ ಅವಳ ಕೆನ್ನೆಗೆ ಒಂದು ಬಾರಿಸಬೇಕೆನ್ನಿಸಿತು. ಹೊಡೆತ ತಿಂದು ತಿಂದು ಬಂದವಳ ಮೇಲೆ ಕೈ ಏಳಲಿಲ್ಲ. ಇವಳಿಗೆ ಹೆದರಿಕೆಯಾದರೂ ಹುಟ್ಟಲಿ ಎಂದು ಎಲ್ಲವನ್ನೂ ಹೇಳಿಬಿಟ್ಟಳು: ಅರ್ಜಿಯನ್ನು ಅವನು ನಿನ್ನೆಯೇ ನೋಡಿದ್ದಾನೆ, ಮೂರು ಸಲ ನೋಡಿದ್ದಾನೆ, ಇವಳು ಬಂದಾಗಿನಿಂದ ಒಂದು ದಿನವೂ ತಪ್ಪಿಸದೆ ಬಂದು ಇಣುಕಿ ಹೋಗಿದ್ದಾನೆ, ಇವತ್ತು ಯಾವ ಗಳಿಗೆಯಲ್ಲಾದರೂ ಬಾಗಿಲಿಗೆ ಬರಬಹುದು.

ತಂಗಿ ಚಾಕು ಕೆಳಗಿಟ್ಟಳು. ಒದ್ದೆ ಕೈ ಒರೆಸಿಕೊಂಡು, ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ದಿನಾನೂ ಬರ್ತಿದ್ನಾ ಅಕ್ಕಾ?"

ಆ ದನಿಯಲ್ಲಿ ಹೆದರಿಕೆ ಒಂದು ಚೂರೂ ಇರಲಿಲ್ಲ. ಬೆಳಗ್ಗೆಯಿಂದ ಹೆದರಿದ್ದೆಲ್ಲ ಒಂದು ತೂಕವಾದರೆ ಅದೊಂದು ದನಿಯೇ ಇನ್ನೊಂದು ತೂಕ ಎನ್ನಿಸಿತು ಅಕ್ಕನಿಗೆ.

ಕೆಳಗೆ ಗೇಟು ತೆರೆದ ಸದ್ದಾಯಿತು. ಪೊಲೀಸರೋ, ಅವನೋ, ತಿಳಿಯಲಿಲ್ಲ. ಅಕ್ಕ ಓಡಿಹೋಗಿ ಬಾಗಿಲಿಗೆ ಬೆನ್ನು ಒತ್ತಿ, ಎರಡೂ ಕೈ ಚಾಚಿ, ತಂಗಿಯ ಕಡೆಗೆ ಮುಖ ಮಾಡಿ ನಿಂತಳು.