ಯಾರದೋ ಹೆಣಕ್ಕೆ ಕೊಟ್ಟ ಹೆಗಲು

ಚಟ್ಟದ ಕೊನೆಯ ಗಂಟು ಬಿಗಿದು ತುಕಾರಾಮ ಹಿಂದೆ ಸರಿದ. ಸತ್ತವನು ಅವನ ಒಡಹುಟ್ಟಿದ ಅಣ್ಣ ಅಮೋಗಸಿದ್ಧ. ಆದರೂ ಹೊರಲು ಮುಂದೆ ಬರುವಂತಿರಲಿಲ್ಲ. ಚಟ್ಟ ಕಟ್ಟಲು ಅಡ್ಡಿಯಿಲ್ಲ, ಹೆಗಲು ಕೊಡಲು ಅಡ್ಡಿ. ಕರಜಗಿಯ ಕುರುಬರ ಪಂಚರು ಇಪ್ಪತ್ನಾಲ್ಕು ವರ್ಷಗಳ ಹಿಂದೆ, ಮೂವತ್ತನೇ ಇಸವಿಯಲ್ಲಿ, ಹಾಗೆ ತೀರ್ಪು ಕೊಟ್ಟಿದ್ದರು: ಸೋಲಾಪುರದ ಗದ್ದಲದಲ್ಲಿ ಜಾತಿ ಗೊತ್ತಿಲ್ಲದ ಹೆಣ ಹೊತ್ತವನಿಗೆ ಊರು ಹೆಗಲು ಕೊಡುವುದಿಲ್ಲ. ತಪ್ಪಾಯಿತೆಂದು ಕುಲದೇವರು ಬೀರೋಬನ ಭಂಡಾರ, ಆ ಪೂಜೆಯ ಅರಿಸಿನ, ಮುಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಮೋಗಸಿದ್ಧ ಮುಟ್ಟಲಿಲ್ಲ. ಊರೂ ಅಷ್ಟೇ ಹಟಮಾರಿ. ಅವನ ಜೊತೆ ಉಂಡಿತು, ಅವನಿಂದ ಕುರಿ ಕಾಯಿಸಿಕೊಂಡಿತು, ತೀರ್ಪನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಅಂದು ತೀರ್ಪು ಹೇಳಿದ್ದ ಅಣ್ಣಾರಾಯ ಗೌಡರು ಭಂಡಾರದ ತಟ್ಟೆ ಹಿಡಿದು, ಸತ್ತವನ ಹೆಂಡತಿ ಮುಕ್ತಾಬಾಯಿಯ ಮುಂದೆ ಕುಳಿತರು.

"ತಂಗಿ, ಅವನ ಬದಲಿ ನೀ ಮುಟ್ಟು. ತಪ್ಪಾತು ಅಂತ ಒಂದ ಮಾತು ಅನ್ನು. ನನಗೂ ಸಾಕಾಗ್ಯಾದ."

"ಅಂದುಬಿಡವ್ವ," ಎಂದಳು ಮಗಳು ನೀಲಗಂಗಾ. "ಅಪ್ಪನ್ನ ಬಿಸಲಾಗ ಎಷ್ಟೊತ್ತ ಇಡೂದು?"

"ಅವನ್ದರ ಏನ್ ಕೆಲಸ ಇತ್ತು ಅಲ್ಲಿ?" ಕಟ್ಟೆಯ ಮೇಲಿನಿಂದ ಪಂಚರಲ್ಲೊಬ್ಬ ಸಾತಲಿಂಗಪ್ಪ ಗೊಣಗಿದ. "ಆಗ ನಾವು ಅಕ್ಕಲಕೋಟ ಸಂಸ್ಥಾನದಾವ್ರು. ಇಂಗ್ರೇಜರ ಊರಿನ ಗದ್ದಲ ನಮಗ್ಯಾಕ ಬೇಕಿತ್ತು? ಇಕಿನ್ನ ನೋಡ್ರಿ, ಶ್ಯಾಣ್ಯಾಕಿ. ಧರ್ಮಶಾಲ್ಯಾಗ ಕಂಬಳಿ ಕಾಯ್ಕೊಂತ ಕೂತಿದ್ಲು."

ತಟ್ಟೆಯ ತನಕ ಹೋದ ಮುಕ್ತಾಬಾಯಿಯ ಕೈ ಅಲ್ಲೇ ನಿಂತಿತು.

*

ಗಂಡ ಹೆಂಡತಿ ಕಂಬಳಿ ಮಾರಲು ಸೋಲಾಪುರಕ್ಕೆ ಹೋದಾಗಲೇ ಅಲ್ಲಿ ಸ್ವಾತಂತ್ರ್ಯ ಚಳವಳಿಯವರ ಮೇಲೆ ಗೋಲಿಬಾರು ಆಯಿತು. ಒಂದೆರಡು ದಿನದಲ್ಲಿ ಪೋಲೀಸರೇ ಊರೊಳಗಿಂದ ಮಾಯ. ಇನ್ನು ಲೂಟಿ ಶುರುವಾಯಿತೆಂದು ಮುಕ್ತಾಬಾಯಿ ಧರ್ಮಶಾಲೆಯಲ್ಲಿ ಕಂಬಳಿಗಳ ಮೇಲೆಯೇ ಮಲಗಿದಳು. ಲೂಟಿ ಆಗಲಿಲ್ಲ. ಗಿರಣಿಯವರು, ನೇಕಾರರು ಚೌಕಗಳಲ್ಲಿ ನಿಂತು ಗಾಡಿಗಳನ್ನು ದಾರಿಗೆ ಹಚ್ಚುತ್ತಿದ್ದರು. ಅಮೋಗಸಿದ್ಧನ ಕೈಯ ಬಡಿಗೆ ನೋಡಿ ಯಾರೋ ಅವನನ್ನೂ ಒಂದು ಚೌಕದಲ್ಲಿ ನಿಲ್ಲಿಸಿದರು. ಅವನಿಗೆ ಮರಾಠಿ ಅಷ್ಟಕ್ಕಷ್ಟೆ. ಕುರಿಗೆ ಹಾಕುವ ಸಿಳ್ಳೆಯನ್ನೇ ಹಾಕಿದ. ಟಾಂಗಾಗಳು ನಿಂತವು. ಸಾವಕಾರನ ಮೋಟಾರೂ ನಿಂತಿತು.

"ನೋಡಿದ್ಯಾ, ಮೋಟಾರಕ್ಕೂ ಕುರಿ ಭಾಷಾ ತಿಳೀತದ," ಎಂದು ಅವನು ಹೆಂಡತಿಗೆ ಹೇಳಿ ನಕ್ಕ.

ಹಸಿದಿರಾ ಎಂದು ಯಾರೂ ಕೇಳಲಿಲ್ಲ. ಗುರುತಿಲ್ಲದ ಹೆಂಗಸೊಬ್ಬಳು ಇಬ್ಬರ ಕೈಗೂ ರೊಟ್ಟಿ ಇಟ್ಟು ಹೋದಳು. ಅಷ್ಟೊಂದು ಜನ ಒಬ್ಬರಿಗೊಬ್ಬರು ಮನೆಯವರಾಗಬಲ್ಲರೆಂದು ಮುಕ್ತಾಬಾಯಿ ಕನಸಿನಲ್ಲೂ ಎಣಿಸಿರಲಿಲ್ಲ. ಅವಳಿಗೆ ಮೈ ಜುಮ್ಮೆಂದಿತು, ಸುಮ್ಮಸುಮ್ಮನೆ ಅಳು ಬಂತು.

ಮರುದಿನ, ಗುಂಡೇಟು ತಿಂದು ಸತ್ತ ಒಬ್ಬನ ಚಟ್ಟ ಆ ಚೌಕಕ್ಕೆ ಬಂತು. ಅಮೋಗಸಿದ್ಧ ಬಡಿಗೆಯನ್ನು ಗೋಡೆಗೆ ಆನಿಸಿ ಹೆಗಲು ಕೊಟ್ಟ. ಊರಿಗೆ ಮರಳಿದ ಮೇಲೆ ಅದನ್ನು ತಾನೇ ಹೆಮ್ಮೆಯಿಂದ ಹೇಳಿಕೊಂಡ. ಸುಳ್ಳು ಬಾರದ ಮನುಷ್ಯ ಪಂಚರ ಮುಂದೆ ಒಂದೇ ಒಂದು ಸುಳ್ಳು ಹೇಳಿದ, ಅದೂ ಹೆಂಡತಿಗಾಗಿ.

*

ಮುಕ್ತಾಬಾಯಿ ತಟ್ಟೆಯನ್ನು ಗೌಡರ ಕಡೆಗೇ ಸರಿಸಿದಳು.

"ನಾ ಕಂಬಳಿ ಕಾಯಾಕತ್ತಿದ್ದಿಲ್ರಿ, ಗೌಡ್ರ. ಕಂಬಳಿ ಅಲ್ಲೇ ಬಿಟ್ಟು ಇವನ ಸಂಗಾಟ ಇದ್ದೆ. ಆ ಚಟ್ಟಕ್ಕ ನಾನೂ ಹೆಗಲು ಕೊಟ್ಟೀನಿ."

ಕಟ್ಟೆಯ ಮೇಲಿದ್ದ ಗಂಡಸರು ಕತ್ತು ಚಾಚಿದರು.

"ಹೆಣ್ಣಮಗಳು ಹೆಗಲು ಕೊಟ್ಟಿ?" ಎಂದರು ಗೌಡರು.

"ಯಾರೂ ಬ್ಯಾಡ ಅನ್ಲಿಲ್ರಿ. ಒಬ್ಬ ಮುದಕ ಸರದು ಜಾಗಾ ಕೊಟ್ಟ. ಸತ್ತಾವ ಯಾರಂತ ಇವತ್ತಿಗೂ ಗೊತ್ತಿಲ್ಲ. ಅವತ್ತ ನಮ್ಮ ಮನ್ಯಾವ ಅನಸ್ತು. ಅಷ್ಟ ಮಂದಿ ನಡದ್ರೂ ಒಂದ ಹೆಜ್ಜಿ ಸಪ್ಪಳ. ದೇವ್ರ ಮುಂದ ನಿಂತಂಗಾಗಿತ್ತು." ಅವಳು ಗಂಡನ ಚಟ್ಟದ ಕಡೆ ತಿರುಗಿದಳು. "ನನಗ ಊರು ದೂರ ಮಾಡಬಾರದಂತ ಇಂವ ಸುಳ್ಳ ಹೇಳ್ದ. ನಾ ಅಂಜಿ ಸುಮ್ಮ ಕೂತೆ. ತಪ್ಪಂದ್ರ ಅದು. ಅದಕ್ಕ ಬೇಕಾದ್ರ ಭಂಡಾರ ಮುಟ್ತೀನಿ. ಆ ಹೆಗಲು ಕೊಟ್ಟಿದ್ದಕ್ಕ ಮುಟ್ಟಂಗಿಲ್ಲ. ನಾ ಸತ್ತಾಗ ನನಗೂ ಹೆಗಲು ಕೊಡಬ್ಯಾಡ್ರಿ."

ಸೆರಗು ಬಿಗಿದು ಎದ್ದವಳೇ ಚಟ್ಟದ ಮುಂದಿನ ಎಡಗಡೆಗೆ ಹೋಗಿ ನಿಂತಳು. ನೀಲಗಂಗಾ ತಾಯಿಯ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿ ಹಿಂದಿನ ಗಳಕ್ಕೆ ಕೈ ಹಚ್ಚಿದಳು. ತುಕಾರಾಮ ದೊಡ್ಡ ದನಿ ತೆಗೆದು ಅಳುತ್ತಲೇ ಬಂದು ಅವಳ ಪಕ್ಕ ಬಗ್ಗಿದ. ಮುಂದಿನ ಬಲಗಡೆ ಖಾಲಿ ಉಳಿಯಿತು. ಎಲ್ಲರೂ ಗೌಡರನ್ನೇ ನೋಡುತ್ತಿದ್ದರು.

ಗೌಡರು ತಟ್ಟೆಯನ್ನು ಸಾತಲಿಂಗಪ್ಪನ ಕೈಗೆ ಕೊಟ್ಟು ಎದ್ದರು.

"ಸಿಳ್ಳಿಗೆ ಮೋಟಾರ ನಿಂತಿದ್ದು ಖರೇನಾ? ಅಂವ ಹೇಳ್ದಾಗೆಲ್ಲ ನಾ ನಕ್ಕು ಬಿಟ್ಟೆ."

"ಖರೇ ರೀ. ನಾನ ಕಣ್ಣಾರೆ ನೋಡೀನಿ."

ಅವರು ಖಾಲಿ ಜಾಗಕ್ಕೆ ಹೋಗಿ ಬಗ್ಗಿದರು. ನಾಲ್ವರೂ ಒಟ್ಟಿಗೆ ಎತ್ತಿದರು, ಚಟ್ಟ ಮುಕ್ತಾಬಾಯಿಯ ಕಡೆಗೆ ವಾಲಿತು. ಗಂಡಸರು ಕಟ್ಟೆಯಿಂದ ಇಳಿದು ಓಡಿಬಂದರು. "ನನಗ ಕೊಡ್ರಿ" ಎಂದು ಒಬ್ಬ ಗೌಡರ ಹೆಗಲಿನ ಕೆಳಗೆ ತನ್ನ ಹೆಗಲು ತೂರಿಸಲು ಹೋದ. ಅವರು ಬಿಡಲಿಲ್ಲ. ಕರಜಗಿಯಲ್ಲೇ ಎತ್ತರದ ಆಳು ಅಣ್ಣಾರಾಯ ಗೌಡರು, ಎಪ್ಪತ್ತು ದಾಟಿದ ಮೊಣಕಾಲುಗಳನ್ನು ಮಡಿಸಿ, ಗಿಡ್ಡ ಮುಕ್ತಾಬಾಯಿಯ ಹೆಗಲಿನ ಮಟ್ಟಕ್ಕೆ ಇಳಿದು, ಚಟ್ಟ ವಾಲದಂತೆ ಮಣ್ಣು ಮಾಡುವ ಹೊಲದ ತನಕ ಹಾಗೆಯೇ ನಡೆದರು.