ಪನ್ನೀರಿನ ಗುಂಡಿಗಳು

"ಎದ್ದೇಳ್ ಬೇ ಮುದುಕಿ! ರಾಣಿ ಜಳಕ ಮಾಡೂ ಜಾಗಾದಾಗ ಗಂಡನ ಚಡ್ಡಿ ಒಗೀಲಿಕತ್ತಿಯಲ್ಲ, ನಾಚ್ಕಿ ಅದನೋ ಇಲ್ಲೋ?"

ಸೂಪರ್‌ವೈಸರ್ ಬಸವಣ್ಣೆಪ್ಪ ಕೆರೆಯ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತು ಚೀರುತ್ತಿದ್ದ. ಶೇವಂತಾಬಾಯಿ ಚಡ್ಡಿಯನ್ನು ಕಲ್ಲಿಗೆ ಇನ್ನೊಂದು ಸಲ ಬಡಿದಳು.

"ರಾಣಿ ಬಂದಕೂಡ್ಲೆ ಏಳ್ತೇನ್ರಿ. ಯಾವ ಬಸ್ಸಿಗೆ ಬರ್ತಾಳ? ಭಾಲ್ಕಿದೋ, ಔರಾದದೋ?"

ಪಕ್ಕದಲ್ಲಿ ಸೀರೆ ಹಿಂಡುತ್ತಿದ್ದ ಮೊಮ್ಮಗಳು ಕರುಣಾ ನಗು ನುಂಗಿದಳು. ಬಿ.ಎ. ಮುಗಿಸಿದ್ದರೂ ಹೊರಗಿನವರೆದುರು ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

ಬೀದರಿನ ಹಳೆಯ ಕೋಟೆಗೋಡೆಯ ಕೆಳಗೆ, ಕೆರೆಗೆ ಬೆನ್ನು ಹಚ್ಚಿ ಕೂತ ಅವರ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಒಗೆಯುವುದೆಲ್ಲ ಕೆರೆಯ ಈ ಮೂಲೆ ಮೆಟ್ಟಿಲ ಮೇಲೆಯೇ. ಹೋದ ವಾರ ಇಲ್ಲಿ ಪ್ರವಾಸೋದ್ಯಮ ಇಲಾಖೆಯ ಒಂದು ಬೋರ್ಡು ಎದ್ದಿತ್ತು: 'ರಾಣಿಯ ಸ್ನಾನದ ಮೆಟ್ಟಿಲು. ಕಲ್ಲಿನ ಈ ಏಳು ಗುಂಡಿಗಳಲ್ಲಿ ಪನ್ನೀರು ತುಂಬಿಡುತ್ತಿದ್ದರು.' ಇಂದು ಇಲಾಖೆಯ ಬೆಂಗಳೂರಿನ ತಂಡ ನೋಡಿ ಹೂಂ ಅಂದರೆ ನಾಳೆ ಬೇಲಿ. ಆಮೇಲೆ ಓಣಿಯವರು ಇಲ್ಲಿ ಕಾಲಿಡುವಂತಿಲ್ಲ.

"ಪನ್ನೀರಂತ, ಪನ್ನೀರ!" ಶೇವಂತಾಬಾಯಿ ನಕ್ಕಳು. "ಸಾಹೇಬರ, ಇವು ನಮ್ಮತ್ತಿ, ಅವರತ್ತಿ ಕೊಡ ಇಟ್ಟು ಇಟ್ಟು ಬಿದ್ದ ತಗ್ಗು. ಕೆರಿ ನಾವು ಮುಟ್ಟಂಗಿರ್ಲಿಲ್ಲ. ಕೊಡ ಇಟ್ಟು, ಮ್ಯಾಲಿನವ್ರು ಯಾರಾರ ಬಂದು ಎತ್ತರದಿಂದ ಹೊಯ್ಯೂತನಕ ಬಿಸಲಾಗ ಕುಂದ್ರಬೇಕು. ನಿಮ್ಮಜ್ಜಿ ಭಾಳ ಛಲೋ ಹೊಯ್ತಿದ್ದಳಂತ್ರಿ. ಅರ್ಧ ಕೊಡಕ್ಕ, ಅರ್ಧ ನಮ್ಮತ್ತಿ ತಲಿಗಿ."

ಬಸವಣ್ಣೆಪ್ಪನ ಮುಖ ಕೆಂಪಾಯಿತು. "ಏ ರಂಡಿ, ಬಾಯಿ ಭಾಳ ಆತು ನಿಂದು!" ಕೆಳಗಿಳಿದು ಬಂದು ಬಟ್ಟೆಯ ಬುಟ್ಟಿಯನ್ನು ಒದ್ದ. ಒಗೆದ ಸೀರೆಗಳು ಕೆಸರಿಗೆ ಬಿದ್ದವು.

ಕರುಣಾ ಸೀರೆಗಳತ್ತ ನೋಡಿದಳು. ಎದ್ದು ಮನೆಗೆ ಹೋದಳು.

"ಹೆದರಿ ಓಡಿದ್ಳು ನಿನ್ನ ಬಿ.ಎ.," ಎಂದ ಬಸವಣ್ಣೆಪ್ಪ.

ಕರುಣಾ ಖಾಲಿ ಕೊಡ ಹೊತ್ತು ತಿರುಗಿ ಬಂದಳು. ಬಗ್ಗಿ ಅದನ್ನು ಮೊದಲ ಗುಂಡಿಯಲ್ಲಿಟ್ಟಳು. ತಳ ಕೂತಿತು, ಅಳತೆ ಕೊಟ್ಟು ಮಾಡಿಸಿದಂತೆ.

ತನ್ನ ಮನೆ ಬಾಗಿಲಲ್ಲಿ ನಿಂತಿದ್ದ ನೆರೆಯ ಕೇಶರಬಾಯಿ ಅದನ್ನು ಕಂಡು ತನ್ನ ಕೊಡ ತಂದಳು. "ಅತ್ತಾಗ ಸರಿಯವ್ವಾ, ನಾನೂ ರಾಣೀನೇ!" ಅವಳ ಹಿಂದೆ ಆಚೆಮನೆಯ ಮಹಾಮಾಯಾ. ನೋಡನೋಡುತ್ತಿದ್ದಂತೆ ಏಳೂ ಗುಂಡಿಗಳಲ್ಲಿ ಖಾಲಿ ಕೊಡ ಕೂತವು. ಹೆಂಗಸರು ಸಾಲಾಗಿ ಬಿಸಿಲಲ್ಲೇ ಕೂತರು.

ಮೇಲೆ ತಂಡದ ಗಾಡಿ ಬಂದು ನಿಂತಿತು. ಬಸವಣ್ಣೆಪ್ಪ ಕೈಮುಗಿದ. "ಏಳ್ರಿ ಬಾಯಿ, ನಿಮ್ಮ ಕಾಲ್ ಬೀಳ್ತೇನಿ."

ಕರುಣಾ ಒಗೆಯಲು ತಂದಿದ್ದ ಬಕೆಟ್ಟಿನಲ್ಲಿ ಕೆರೆಯ ನೀರು ತುಂಬಿ ಅವನತ್ತ ಸರಿಸಿದಳು. ಖಾಲಿ ಕೊಡಗಳತ್ತ ಬೆರಳು ತೋರಿಸಿದಳು.

"ಹೊಯ್ರಿ ಸಾಹೇಬರ."