ಅರವತ್ತು ಬಾಯಿ, ಒಂದು ಚಮಚ

ನನ್ನದೊಂದು ಸಣ್ಣ ಅಳುಕು, ಯಾರಿಗೂ ಹೇಳಿದ್ದಿಲ್ಲ. ಮೈ ಹೊಳೆಯುತ್ತಿದ್ದ ಮಾತ್ರಕ್ಕೆ ನಾನು ಶುದ್ಧವಾಗಿದ್ದೇನೆಂದು ಎಲ್ಲರೂ ನಂಬಿದ್ದರಲ್ಲ, ಅದು. ಈಗ ಹಳೆಯ ಬೀರುವಿನ ಮೂಲೆಯಲ್ಲಿ ಮಂಕಾಗಿ ಬಿದ್ದಿದ್ದರೂ ಆ ಅಳುಕು ಹೋಗಿಲ್ಲ.

ನಾನು ಒಂದು ಚಮಚ. ಆದರೆ ಸಾರು, ಪಾಯಸ ಕಂಡದ್ದಲ್ಲ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಉಕ್ಕಿನ ತಗಡು ಬಡಿದು, ಅಂಚು ಉಜ್ಜಿ, ನಾಲಿಗೆ ಅದುಮಿ ಗಂಟಲು ನೋಡಲೆಂದೇ ನನ್ನನ್ನು ಮಾಡಿದರು. ಅಲ್ಲಿಂದ ಆಸ್ಪತ್ರೆಯ ಟ್ರೇ. ಆಮೇಲೆ ಶಾಲೆಗಳನ್ನು ಸುತ್ತುವ ಡಾಕ್ಟರ್ ವೆಂಕೋಬರಾಯರ ಚರ್ಮದ ಚೀಲ. ವರ್ಷಕ್ಕೊಮ್ಮೆ ಅವರು ರೈಲಿಳಿದು ಬರುತ್ತಿದ್ದರು. ಉಗುರು, ಹಲ್ಲು, ತಲೆಯ ಹೇನು, ಸಿಡುಬಿನ ಲಸಿಕೆಯ ಕಲೆ ಎಲ್ಲ ನೋಡಿಯಾದ ಮೇಲೆ ನನ್ನ ಸರದಿ. ಮಕ್ಕಳ ಮುಖ ನನಗೆ ನೆನಪಿರುವುದಿಲ್ಲ; ನಡುಗುವ ಕಿರುನಾಲಿಗೆ ನೆನಪಿರುತ್ತದೆ.

ಒಂದು ಬಾಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ನಾನು ಕುದಿಯುವ ನೀರಿನಲ್ಲಿ ಮುಳುಗಿ ಏಳಬೇಕು. ಆ ವರ್ಷ ಜಂಕ್ಷನ್ ಊರಿನ ಅರವತ್ತು ಮಕ್ಕಳ ಶಾಲೆಯಲ್ಲಿ ನೀರಿನ ಕೆಲಸ ಹೊಸದಾಗಿ ಬಂದಿದ್ದ ಲಲಿತಾಂಬ ಟೀಚರಿಗೆ ಬಿತ್ತು. ಬಿ.ಎ. ಓದಿದ್ದರೂ, ಹಾಜರಿ ಕರೆಯುವಾಗ ಅವರ ದನಿ ಎರಡನೇ ಸಾಲು ದಾಟುತ್ತಿರಲಿಲ್ಲ. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಸೀಮೆಎಣ್ಣೆ ಸ್ಟೌವಿನ ತೂತು ಕಟ್ಟಿಕೊಂಡಿತು. ಎಷ್ಟು ಪಿನ್ನು ಚುಚ್ಚಿದರೂ ಹತ್ತಲಿಲ್ಲ.

"ಏನಮ್ಮಾ, ನೀರಾಯ್ತೋ ಇಲ್ವೋ? ಹನ್ನೆರಡರ ಗಾಡೀನ ನಿಮ್ಮ ಮಾವ ಹಿಡ್ಕೊಂಡಿರ್ತಾನೇನು?" ಎಂದರು ಡಾಕ್ಟರು.

ಎಲ್ಲರೂ ನಕ್ಕರು. ಟೀಚರ್ ಆಯಿತೆಂದು ತಲೆಯಾಡಿಸಿ, ಇದ್ದ ನೀರನ್ನೇ ಬೋಗುಣಿಯಲ್ಲಿ ತಂದಿಟ್ಟರು. ಡಾಕ್ಟರು ಗಂಟಲು ನೋಡಿದರೇ ಹೊರತು ಬೋಗುಣಿ ನೋಡಲಿಲ್ಲ.

ಏಳನೆಯ ಬಾಯಿ ರೈಲ್ವೆ ಗ್ಯಾಂಗ್‌ಮನ್ ಚೌಡಪ್ಪನ ಮಗಳು ಕೆಂಪಿಯದು. ಗಂಟಲು ಕೆಂಪಗಿತ್ತು. "ಶೀತ, ಬರ್ಕೊಳ್ಳಿ," ಎಂದರು ಡಾಕ್ಟರು. ನನ್ನನ್ನು ನೀರಿಗೆ ಅದ್ದಿ ತೆಗೆದರು. ನಾನು ಎಂಟನೆಯ ಬಾಯಿಗೆ ಹೋದೆ, ಒಂಬತ್ತನೆಯದಕ್ಕೆ, ಹತ್ತನೆಯದಕ್ಕೆ.

ವಾರದೊಳಗೆ ಗಂಟಲುಮಾರಿ. ಒಂಬತ್ತು ಮಕ್ಕಳು ಮಲಗಿದರು. ಮೂವರು ಏಳಲಿಲ್ಲ. ಕೆಂಪಿ ಬದುಕಿದಳು; ಬದುಕಿದ್ದೇ ಅವಳ ತಪ್ಪಾಯಿತು. ರೋಗ ಅವಳ ಮನೆಯ ಕೊಳಕಿನಿಂದಲೇ ಹಬ್ಬಿತೆಂದು ಊರು ತೀರ್ಮಾನಿಸಿತು.

ಅಂದು ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಡಾಕ್ಟರು ನನ್ನನ್ನು ಬೋಗುಣಿಯಲ್ಲೇ ಮರೆತು ಹೋಗಿದ್ದರು. ಲಲಿತಾಂಬ ಟೀಚರ್ ನನ್ನನ್ನು ಮನೆಗೊಯ್ದರು. ದಿನವೂ ಕುದಿಸುತ್ತಿದ್ದರು. ಯಾವ ಬಾಯಿಗೂ ಹೋಗದ ನನ್ನನ್ನು, ನೀರು ಇಂಗಿ ಪಾತ್ರೆ ಸೀಯುವವರೆಗೆ. ರೋಗದಿಂದ ಮಕ್ಕಳಿಗೆ ಶಾಲೆ ಮುಚ್ಚಿದ್ದರೂ, ಬೆಳಿಗ್ಗೆ ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಶಾಲೆಗೆ ತರುತ್ತಿದ್ದರು. ಹೆಡ್‌ಮಾಸ್ಟರಿಗೆ ಕೊಟ್ಟು ನಿಜ ಹೇಳಲು ಬಾಯಿ ಬಾರದೆ ಸಂಜೆ ಮತ್ತೆ ಒಯ್ಯುತ್ತಿದ್ದರು.

ಶಾಲೆ ಮತ್ತೆ ತೆರೆದ ದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ಚೌಡಪ್ಪ ನಿಂತಿದ್ದ. ಅವನ ಪಂಚೆ ಹಿಡಿದು ಕೆಂಪಿ. ಬಾಗಿಲಲ್ಲಿ ನಾಲ್ಕಾರು ಮಂದಿ ತಂದೆತಾಯಿ. ಗೋಡೆಯ ಬಳಿ ಲಲಿತಾಂಬ ಟೀಚರ್, ಅವರ ಸೆರಗಿನಲ್ಲಿ ನಾನು.

"ಟಿ.ಸಿ. ಬರ್ದಿದೀನಿ, ಕರ್ಕೊಂಡ್ ಹೋಗಪ್ಪ. ಬೇರೆಯವ್ರ ಮಕ್ಕಳೂ ಉಳೀಬೇಕಲ್ಲ," ಎಂದರು ಹೆಡ್‌ಮಾಸ್ಟರು.

"ಇವಳೇನ್ ಮಾಡವ್ಳೆ ಬುದ್ಧೀ? ಬಾಯಿ ತೆಗಿ ಅಂದ್ರಿ, ತೆಗೆದ್ಲು," ಎಂದ ಚೌಡಪ್ಪ.

"ನಿನ್ ಮನೆ ಗಾಳೀನೇ ಸರಿಯಿಲ್ಲ," ಎಂದು ಬಾಗಿಲಿಂದ ಯಾರೋ ಅಂದರು.

ಚೌಡಪ್ಪ ಕಾಗದಕ್ಕೆ ಕೈ ಚಾಚಿದ. ಸೆರಗಿನ ಸುತ್ತು ಬಿಚ್ಚಿತು. ಟೀಚರ್ ನನ್ನನ್ನು ತೆಗೆದು ಆ ಕಾಗದದ ಮೇಲಿಟ್ಟರು.

"ಸಾರ್, ಅವತ್ತು ನೀರು ಕುದ್ದಿರ್ಲಿಲ್ಲ. ಅದು ನನಗೆ ಗೊತ್ತಿತ್ತು."

ಆ ದನಿ ಬಾಗಿಲಲ್ಲಿದ್ದವರಿಗೂ ಕೇಳಿಸಿತು.